ಐರನ್‌ಬಾರ್ಕ್‌ನವನ ಗಡ್ಡ

ಪ್ರಶ್ನೆ: ಆಸ್ಟ್ರೇಲಿಯಾದ ವಸಾಹತು ಕಾಲದ ನಗೆಪದ್ಯಗಳು ಅಲ್ಲಿನ ಬುಷ್ ಬದುಕಿಗೆ ನ್ಯಾಯ ಮಾಡಿದವೇ?

ನನ್ನ ಅಕ್ಕ ಸಿಡ್ನಿಯಲ್ಲಿದ್ದಾಳೆ. ಕಳೆದ ಡಿಸೆಂಬರ್ ರಜೆಗೆ ಮಗನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದಿದ್ದಳು. ಹುಡುಗನಿಗೆ ಹತ್ತು ವರ್ಷ. ಒಂದು ಸಂಜೆ ಕರೆಂಟ್ ಹೋಗಿತ್ತು, ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. "ಸ್ಕೂಲಲ್ಲಿ ಕಲ್ತಿದ್ದು ಒಂದು ಪದ್ಯ ಹೇಳೋ ಪುಟ್ಟ" ಅಂದರು ಅಮ್ಮ. ಅವನು ಎದ್ದು ನಿಂತ. ಕೈ ಬೀಸುತ್ತಾ, ಕಣ್ಣು ಅರಳಿಸುತ್ತಾ, ಕುದುರೆ ಓಡಿದ ಹಾಗೆ ಒಂದು ಉದ್ದ ಪದ್ಯವನ್ನು ಎಲ್ಲೂ ತಡವರಿಸದೆ ಹೇಳಿ ಮುಗಿಸಿದ.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಕಥೆಯನ್ನು ನಾನು ಕನ್ನಡದಲ್ಲಿ ಹೇಳಿದೆ.

ಐರನ್‌ಬಾರ್ಕ್ ಅನ್ನೋ ಊರಿನಿಂದ ಒಬ್ಬ ಸಿಡ್ನಿಗೆ ಬರುತ್ತಾನೆ. ಬೀದಿ ಬೀದಿ ಅಲೆದು ಸುಸ್ತಾಗಿ ಒಂದು ಕಟಿಂಗ್ ಶಾಪ್‌ಗೆ ಹೋಗಿ ಕೂರುತ್ತಾನೆ. ಗಡ್ಡ ತೆಗೆಸಿಕೊಂಡು ಹೋದರೆ ಊರಲ್ಲಿ ಪಟ್ಟಣದ ಸಾಹೇಬನ ಹಾಗೆ ಕಾಣಬಹುದು ಅಂತ ಆಸೆ. ಅಂಗಡಿಯ ಗೋಡೆಗೆ ಒರಗಿ ಒಂದಷ್ಟು ಶೋಕಿ ಹುಡುಗರು ಕೂತಿದ್ದಾರೆ. ಕ್ಷೌರದವನು ಅವರಿಗೆ ಕಣ್ಣು ಹೊಡೆಯುತ್ತಾನೆ. ಗಡ್ಡ ಬೋಳಿಸಿದ ಮೇಲೆ ರೇಜರನ್ನು ಕುದಿಯುವ ನೀರಲ್ಲಿ ಅದ್ದುತ್ತಾನೆ. ಆಮೇಲೆ ಅದರ ಬೆನ್ನನ್ನು, ಅಲಗನ್ನಲ್ಲ, ಇವನ ಕುತ್ತಿಗೆಯ ಮೇಲೆ ಸರ್ರನೆ ಎಳೆಯುತ್ತಾನೆ. ಈಗಷ್ಟೇ ಬೋಳಿಸಿದ ಚರ್ಮದ ಮೇಲೆ ಕೆಂಪು ಬರೆ ಎದ್ದುಬಿಡುತ್ತದೆ. ಕುತ್ತಿಗೆ ಕೊಯ್ದೇಬಿಟ್ಟರು ಅಂತ ಹಳ್ಳಿಯವನು ಕೂಗುತ್ತಾನೆ. ಒಂದೇ ಏಟಿಗೆ ಕ್ಷೌರದವನನ್ನು ಮಲಗಿಸುತ್ತಾನೆ. ಅಂಗಡಿ ಪುಡಿ ಪುಡಿ. ಪಕ್ಕದಲ್ಲಿದ್ದ ಶೋಕಿ ಹುಡುಗನ ಕುತ್ತಿಗೆಗೇ ಕೈ ಹಾಕುತ್ತಾನೆ. ಪೊಲೀಸ್ ಬರುತ್ತಾನೆ. "ಸುಮ್ನೆ ತಮಾಷೆಗೆ ಮಾಡಿದ್ದು" ಅಂತ ಕ್ಷೌರದವನು ಒಪ್ಪಿಕೊಳ್ಳುತ್ತಾನೆ. ಇವನು ಅದನ್ನು ಮನಸ್ಸಿಗೆ ಹಾಕಿಕೊಳ್ಳುವುದೇ ಇಲ್ಲ. ಊರಿಗೆ ಹೋಗಿ, ಕುರಿಯ ಉಣ್ಣೆ ಕತ್ತರಿಸುವ ಶೆಡ್‌ನಲ್ಲಿ ಜೊತೆಯವರ ಮುಂದೆ ಹೇಳುತ್ತಾನೆ: ನನ್ನ ಕತ್ತು ಕೊಯ್ಯೋಕೆ ನೋಡಿದರು, ಪುಣ್ಯಕ್ಕೆ ಅದು ಗಟ್ಟಿ ಇತ್ತು. ಅಂದಿನಿಂದ ಐರನ್‌ಬಾರ್ಕ್‌ನಲ್ಲಿ ಎಲ್ಲರೂ ಉದ್ದ ಗಡ್ಡ ಬಿಡುತ್ತಾರೆ.

ಅಂಗಡಿ ಪುಡಿಯಾಗುವ ಕಡೆ ಅಮ್ಮ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಪಾಪ, ಅವನು ಮತ್ತೆ ಯಾವತ್ತಾದರೂ ಪೇಟೆಗೆ ಬಂದನಾ?"

ಅವರ ಆ ನಗು, ಈ ಪ್ರಶ್ನೆ ಎರಡೂ ನನ್ನ ತಲೆಯಲ್ಲಿ ಉಳಿದವು. ಅದಕ್ಕೇ ಎರಡೂ ಕಡೆ ನಿಂತು ಬರೆದಿದ್ದೇನೆ. ಎರಡೂ ನನ್ನ ಮಾತೇ.

ಬುಷ್ ಅನ್ನೋ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅದು ಪೊದೆಯಲ್ಲ. ನಮ್ಮ ಮಲೆನಾಡಿನ ಕಾಡೂ ಅಲ್ಲ, ಹಳ್ಳಿಯೂ ಅಲ್ಲ. ನೀಲಗಿರಿ ಜಾತಿಯ ಮರಗಳು, ಒಣ ಹುಲ್ಲು, ಕೆಂಪು ಧೂಳು, ಮೈಲಿಗಟ್ಟಲೆ ಬೇಲಿ, ಕುರಿ ಮಂದೆ, ಎಲ್ಲೋ ಒಂದು ತಗಡಿನ ಮನೆ. ಪಟ್ಟಣ ಅಲ್ಲದ್ದೆಲ್ಲ ಬುಷ್. ಕನ್ನಡದಲ್ಲಿ ಅದಕ್ಕೊಂದು ಪದ ಹುಡುಕಿದೆ, ಸಿಗಲಿಲ್ಲ.

ಪರ: ಆ ನಗು ಬುಷ್‌ನವರದೇ

ಮೊದಲು ಒಂದು ವಿಷಯ ನೋಡೋಣ. ಆ ಪದ್ಯದಲ್ಲಿ ಗೆದ್ದವರು ಯಾರು? ಕ್ಷೌರದವನಲ್ಲ. ಅವನು ದಪ್ಪ ಸಿಗಾರ್ ಕಚ್ಚಿಕೊಂಡು ಮೆರೆಯುತ್ತಿದ್ದವನು, ಕೊನೆಗೆ ನೆಲಕ್ಕೆ ಬಿದ್ದ. ಶೋಕಿ ಹುಡುಗರೂ ಅಲ್ಲ. ಅವರ ತಲೆಯಲ್ಲಿ ಮಿದುಳೇ ಇರಲಿಲ್ಲ ಅಂತ ಕವಿಯೇ ಹೇಳುತ್ತಾನೆ. ಹಳ್ಳಿಯವನು ಪೆದ್ದ ನಿಜ. ಆದರೆ ಅವನ ಮೈಮೇಲೆ ಕೈ ಮಾಡಿದ್ದಕ್ಕೆ ಪಟ್ಟಣ ಬೆಲೆ ತೆತ್ತಿತು. ಅವನು ತಲೆ ಎತ್ತಿಕೊಂಡೇ ಮನೆಗೆ ಹೋದ. ನಮ್ಮಮ್ಮ ನಕ್ಕಿದ್ದು ಆ ಜಾಗದಲ್ಲೇ. ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದನ್ನು ಬರೆದವನು ಬ್ಯಾಂಜೋ ಪ್ಯಾಟರ್ಸನ್. 1892ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬುಲೆಟಿನ್ ವಾರಪತ್ರಿಕೆಯಲ್ಲಿ ಬಂತು. ಅವನು ಸಿಡ್ನಿಯಲ್ಲಿ ವಕೀಲನಾಗಿದ್ದ ಅನ್ನೋದನ್ನೇ ಹಿಡಿದು ಅವನನ್ನು ಹೊರಗಿನವನು ಅನ್ನುವವರಿದ್ದಾರೆ. ಆದರೆ ಅವನು ಹುಟ್ಟಿದ್ದು 1864ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಹತ್ತಿರದ ಒಂದು ಹಿಡುವಳಿಯಲ್ಲಿ. ಬಾಲ್ಯ ಕಳೆದದ್ದು ಇಲ್ಲಾಲಾಂಗ್‌ನಲ್ಲಿ, ಕುದುರೆ ಹತ್ತಿ ಶಾಲೆಗೆ ಹೋಗುತ್ತಾ. ಅವನ ಅಪ್ಪ ಜಮೀನು ಕಳೆದುಕೊಂಡು ಅದೇ ಜಮೀನಿನಲ್ಲಿ ಮ್ಯಾನೇಜರ್ ಆಗಿ ಉಳಿದವನು. ಬ್ಯಾಂಜೋ ಅನ್ನೋ ಹೆಸರೂ ವಾದ್ಯದ್ದಲ್ಲ, ಮನೆಯಲ್ಲಿದ್ದ ಕುದುರೆಯದು. ಬುಷ್‌ನಲ್ಲಿ ಬೆಳೆದ ಹುಡುಗನೊಬ್ಬ ಪೇಟೆಗೆ ಬಂದು, ಪೇಟೆಯಲ್ಲಿ ಕೂತು, ತನ್ನ ಊರಿನವರ ಪರವಾಗಿ ಹೊಡೆದ ಏಟು ಇದು. ಊರು ಬಿಟ್ಟು ಬೆಂಗಳೂರಿಗೋ ಸಿಡ್ನಿಗೋ ಹೋದ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ ಮಾತೇ ಅಲ್ಲ.

ಮತ್ತೆ, ಓದಿದವರು ಯಾರು? 1880ರಲ್ಲಿ ಶುರುವಾದ ಬುಲೆಟಿನ್‌ಗೆ ಜನ ಇಟ್ಟ ಅಡ್ಡಹೆಸರು ಬುಷ್‌ಮನ್‌ನ ಬೈಬಲ್. ಉಣ್ಣೆ ಕತ್ತರಿಸುವವರು, ದನ ಹೊಡೆದುಕೊಂಡು ಹೋಗುವವರು, ಬೆನ್ನಿಗೆ ಕಂಬಳಿ ಸುತ್ತು ಕಟ್ಟಿಕೊಂಡು ಕೆಲಸ ಹುಡುಕುತ್ತಾ ನಡೆಯುವವರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು. ಓದೋದಷ್ಟೇ ಅಲ್ಲ, ತಾವೂ ಬರೆದು ಕಳಿಸುತ್ತಿದ್ದರು. ಈ ಪದ್ಯಗಳಿಗೆ ಅಂಥ ಗಟ್ಟಿ ಪ್ರಾಸ, ಅಂಥ ಓಟದ ಲಯ ಇರುವುದು ಸುಮ್ನೆ ಅಲ್ಲ. ದೀಪ ಇಲ್ಲದ ಕಡೆ, ಬೆಂಕಿಯ ಸುತ್ತ ಕೂತು, ಪುಸ್ತಕ ಇಲ್ಲದೆ ಹೇಳಬೇಕಾದ ಪದ್ಯ ಇದು. ನಮ್ಮ ಲಾವಣಿಯ ಹಾಗೆ ಬಾಯಲ್ಲಿ ನಿಲ್ಲಬೇಕು. ಕರೆಂಟ್ ಹೋದ ಜಗಲಿಯಲ್ಲಿ ಅದು ಇವತ್ತಿಗೂ ನಿಂತಿತು, ಅಲ್ವಾ? 1895ರಲ್ಲಿ ಪ್ಯಾಟರ್ಸನ್‌ನ ಮೊದಲ ಸಂಕಲನ ಬಂದಾಗ ಮೊದಲ ಮುದ್ರಣ ಒಂದೇ ವಾರದಲ್ಲಿ ಖಾಲಿಯಾಯಿತು. ಗೇಲಿ ಮಾಡಿಸಿಕೊಂಡವರು ಹಾಗೆ ಮುಗಿಬಿದ್ದು ಕೊಳ್ಳುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಪ್ಯಾಟರ್ಸನ್‌ನದೇ ಇನ್ನೊಂದು ಪದ್ಯ. 1893ರದು. ಕ್ವೀನ್ಸ್‌ಲ್ಯಾಂಡ್‌ನ ಬಾರ್ಕೂ ಸೀಮೆಯ ಆಚೆ, ಚರ್ಚ್ ಇಲ್ಲದ, ಪಾದ್ರಿ ಅಪರೂಪಕ್ಕೂ ಸುಳಿಯದ ಕಡೆ ಮೈಕೆಲ್ ಮೆಗೀ ಅನ್ನೋ ಐರಿಷ್‌ನವನ ಮನೆ. ಮಗನಿಗೆ ಹತ್ತು ವರ್ಷ. ಇನ್ನೂ ಕ್ರೈಸ್ತ ನಾಮಕರಣ ಆಗಿಲ್ಲ. ಕೊನೆಗೂ ಒಬ್ಬ ಪಾದ್ರಿ ಆ ದಾರಿಯಲ್ಲಿ ಬರುತ್ತಾನೆ. ನಾಮಕರಣ ಅನ್ನೋ ಮಾತು ಹುಡುಗನ ಕಿವಿಗೆ ಬೀಳುತ್ತದೆ. ಹಾಗಂದರೇನು ಅಂತ ಅವನಿಗೆ ಗೊತ್ತಿಲ್ಲ. ಅವನು ಕಂಡಿರೋದು ಒಂದೇ: ಕರುಗಳನ್ನು ಹಿಡಿದು, ಕಾದ ಕಬ್ಬಿಣದಿಂದ ಯಜಮಾನನ ಗುರುತು ಒತ್ತುವುದು. ನನಗೂ ಬರೆ ಹಾಕುತ್ತಾರೆ ಅಂದುಕೊಂಡು ಓಡಿಹೋಗಿ ಪೊಳ್ಳು ದಿಮ್ಮಿಯೊಳಗೆ ಸೇರಿಕೊಳ್ಳುತ್ತಾನೆ. ಕರೆದರೆ ಬರುವುದಿಲ್ಲ. ಕಡೆಗೆ ದಿಮ್ಮಿಯ ಒಂದು ಕಡೆಯಿಂದ ಕೋಲಿನಲ್ಲಿ ಚುಚ್ಚುತ್ತಾರೆ. ಇನ್ನೊಂದು ಕಡೆಯಿಂದ ಅವನು ಚಂಗನೆ ಹೊರಗೆ ಹಾರಿದಾಗ ಪಾದ್ರಿ ನೀರು ಚಿಮುಕಿಸಬೇಕು. ಏನು ಹೆಸರಿಡಬೇಕು ಅನ್ನೋದೇ ಪಾದ್ರಿಗೆ ಮರೆತುಹೋಗುತ್ತದೆ. ಹುಡುಗ ಪೊದೆಗೆ ನುಗ್ಗುತ್ತಿದ್ದಾನೆ, ಹೊತ್ತಿಲ್ಲ. ಕೈಗೆ ಸಿಕ್ಕ ವಿಸ್ಕಿ ಬಾಟಲಿಯನ್ನೇ ಅವನ ಮೇಲೆ ಎಸೆಯುತ್ತಾನೆ. ಬಾಟಲಿಯ ಮೇಲಿದ್ದ ಹೆಸರೇ ಹುಡುಗನ ಹೆಸರಾಗುತ್ತದೆ: ಮೆಗಿನಿಸ್ ಮೆಗೀ.

ನಗು ಬರುತ್ತದೆ. ಆದರೆ ಆ ನಗುವಿನೊಳಗೆ ಏನೆಲ್ಲ ಇದೆ ನೋಡಿ. ಹತ್ತು ವರ್ಷಕ್ಕೊಮ್ಮೆ ಪಾದ್ರಿ ಬರುವಷ್ಟು ದೂರ. ಮಗುವಿನ ಆತ್ಮದ ಗತಿ ಏನಾಗುತ್ತೋ ಅಂತ ಒಳಗೊಳಗೇ ಬೇಯುವ ತಂದೆ ತಾಯಿ. ಕರುವಿಗೆ ಹಾಕುವ ಬರೆ ಬಿಟ್ಟರೆ ಬೇರೆ ಯಾವ ಸಂಸ್ಕಾರವನ್ನೂ ಕಾಣದ ಮಗು. ಆ ಸೀಮೆಯ ಸರ್ಕಾರಿ ವರದಿ ಓದಿದರೆ ಜನ ಎಷ್ಟು, ಕುರಿ ಎಷ್ಟು ಅಂತ ಸಿಗಬಹುದು. ದಿಮ್ಮಿಯೊಳಗೆ ಮುದುಡಿ ಕೂತ ಹುಡುಗನ ಎದೆಬಡಿತ ಸಿಗುವುದಿಲ್ಲ. ಈ ಪದ್ಯ ಓದುವ ಮುಂಚೆ ಒಂಟಿತನ ಅಂದರೆ ನನಗೆ ಬೇಸರ, ಮೌನ ಅಷ್ಟೇ ಆಗಿತ್ತು. ಒಂದು ಮಾತಿನ ಅರ್ಥವೇ ಗೊತ್ತಿಲ್ಲದೆ ಬೆಳೆಯುವಷ್ಟು ಒಂಟಿತನ ಇರುತ್ತದೆ ಅಂತ ಇದು ತೋರಿಸಿತು.

ಮಲ್ಗಾ ಬಿಲ್ ಅನ್ನೋ ಒಬ್ಬನ ಸೈಕಲ್ ಬಗ್ಗೆ ಪ್ಯಾಟರ್ಸನ್ ಬರೆದ ಪದ್ಯವೂ ಹೀಗೇ. 1896ರಲ್ಲಿ ಬಂದದ್ದು. ಸೈಕಲ್ ಹುಚ್ಚು ಹತ್ತಿದ ಕಾಲ. ಹಳೆಯ ಕುದುರೆ ಬಿಟ್ಟು ಸೈಕಲ್ ಏರಿ, ನನಗೆ ಬಾರದ ಸವಾರಿಯೇ ಇಲ್ಲ ಅಂತ ಕೊಚ್ಚಿಕೊಂಡವನು ಇಳಿಜಾರಿನಲ್ಲಿ ಹಾರಿ ಹಳ್ಳಕ್ಕೆ ಬೀಳುತ್ತಾನೆ. ಆ ಕಾಲದಲ್ಲಿ ಉಣ್ಣೆ ಕತ್ತರಿಸುವವರು ಶೆಡ್‌ನಿಂದ ಶೆಡ್‌ಗೆ ಸೈಕಲ್‌ನಲ್ಲೇ ಹೋಗಲು ಶುರುಮಾಡಿದ್ದರು. ಓದಿದವರಲ್ಲಿ ಎಷ್ಟು ಜನರ ಮೊಣಕಾಲು ತರಚಿತ್ತೋ.

ಬಡತನವನ್ನು ಈ ಪದ್ಯಗಳು ಮುಚ್ಚಿಟ್ಟವು ಅಂತಲೂ ಹೇಳಲಾಗದು. ಪ್ಯಾಟರ್ಸನ್‌ನ ಜೊತೆಗಾರ, ಎದುರಾಳಿ ಹೆನ್ರಿ ಲಾಸನ್ ತೊಟ್ಟ ಪ್ಯಾಂಟು ಸವೆದು ಹರಿಯಲು ಶುರುವಾದಾಗ ಮನುಷ್ಯನಿಗೆ ಏನಾಗುತ್ತದೆ ಅಂತ ಒಂದು ಪದ್ಯ ಬರೆದ. ಹಸಿವನ್ನು ತಡೆಯಬಹುದು, ಹಿಂದೆ ಪ್ಯಾಂಟು ಹರಿದಿದೆ ಅನ್ನೋ ನಾಚಿಕೆಯನ್ನು ತಡೆಯೋದು ಕಷ್ಟ. ಇದನ್ನು ಅನುಭವಿಸದೆ ಬರೆಯಲಾಗುವುದಿಲ್ಲ. ನಗದೆ ಹೇಳಲೂ ಆಗುವುದಿಲ್ಲ.

ವಸಾಹತು ಕಾಲ ಮುಗಿದ ಮೇಲೂ ಆ ದನಿ ನಿಲ್ಲಲಿಲ್ಲ. 1921ರಲ್ಲಿ ಪುಸ್ತಕವಾಗಿ ಬಂದ, ಒಬ್ಬ ಪಾದ್ರಿಯೇ ಬರೆದ ಪದ್ಯದಲ್ಲಿ ಹ್ಯಾನ್ರಹನ್ ಅನ್ನೋ ರೈತ ಇದ್ದಾನೆ. ಚರ್ಚ್ ಹೊರಗೆ ಕುಕ್ಕರಗಾಲಲ್ಲಿ ಕೂತ ರೈತರ ನಡುವೆ ಅವನದು ಒಂದೇ ಮಾತು: ಎಲ್ಲ ಹಾಳಾಗಿ ಹೋಗ್ತೀವಿ. ಮಳೆ ಬರದಿದ್ದರೆ ಹಾಳು. ಮಳೆ ಬಂದರೆ ನೆರೆಗೆ ಹಾಳು. ಹುಲ್ಲು ಚೆನ್ನಾಗಿ ಬೆಳೆದರೆ ಬೇಸಿಗೆಯಲ್ಲಿ ಬೆಂಕಿ ಬಿದ್ದು ಹಾಳು. ಅಡಿಕೆ ತೋಟದವರ ಮನೆಯಲ್ಲಿ ಬೆಳೆದ ನನಗೆ ಹ್ಯಾನ್ರಹನ್ ಹೊಸಬನಲ್ಲ. ಮಳೆ ತಡವಾದರೂ ಅಪ್ಪನಿಗೆ ನಿದ್ದೆ ಇಲ್ಲ, ಜಾಸ್ತಿಯಾದರೆ ಕೊಳೆರೋಗದ ಚಿಂತೆ. ಹೀಗೆ ಚಿಂತೆ ಮಾಡುವವರ ಜೊತೆ ಕೂತು ನಗುವುದಕ್ಕೂ ಅವರನ್ನು ನೋಡಿ ನಗುವುದಕ್ಕೂ ವ್ಯತ್ಯಾಸ ಇದೆ. ಈ ಪದ್ಯಗಳು ಜೊತೆ ಕೂತವು.

ವಿರೋಧ: ನಗುವಿನ ಹೊರಗೆ ಉಳಿದವರು

ಬ್ಯಾಂಜೋ ಪ್ಯಾಟರ್ಸನ್ ತನ್ನ ಹೆಸರಾಂತ ಪದ್ಯವೊಂದಕ್ಕೆ ಎಳೆ ಸಿಕ್ಕಿದ್ದು ಹೇಗೆ ಅಂತ ಹೇಳಿಕೊಂಡಿದ್ದಾನೆ. ವಕೀಲರ ಕಚೇರಿಯಿಂದ ಕ್ಲ್ಯಾನ್ಸಿ ಅನ್ನೋ ಒಬ್ಬನಿಗೆ ಬಾಕಿ ಹಣ ಕೇಳಿ ಒಂದು ಕಾಗದ ಹೋಯಿತು. ಅವನು ದನ ಹೊಡೆದುಕೊಂಡು ಕ್ವೀನ್ಸ್‌ಲ್ಯಾಂಡ್ ಕಡೆ ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ ಅಂತ ಡಾಂಬರಿನಲ್ಲಿ ಉಗುರು ಅದ್ದಿ ಬರೆದಂಥ ಅಕ್ಷರದಲ್ಲಿ ಉತ್ತರ ಬಂತು. 1889ರಲ್ಲಿ ಅದು ಪದ್ಯವಾಯಿತು: ಧೂಳು ಹಿಡಿದ ಕಚೇರಿಯಲ್ಲಿ ಕೂತ ಗುಮಾಸ್ತ, ಬಯಲಲ್ಲಿ ನಕ್ಷತ್ರ ನೋಡುತ್ತಾ ಹೋಗುವ ಕ್ಲ್ಯಾನ್ಸಿಯನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾನೆ. ಪದ್ಯ ಚಂದ. ಆದರೆ ಸಾಲ ಕೇಳುವ ಕಾಗದ ಹೊರಟದ್ದು ಅದೇ ಮೇಜಿನಿಂದ. ಆ ಕಾಗದ ಪದ್ಯದಲ್ಲಿ ಬರೀ ಕಾಗದವಾಗಿ ಉಳಿಯಿತು. ಸಾಲ ಕಾಣೆಯಾಯಿತು.

ನನ್ನ ತಕರಾರು ಇಲ್ಲಿಂದಲೇ ಶುರು. ಬುಷ್‌ನವರ ಜೊತೆ ಕೂತು ನಕ್ಕವರು ನಕ್ಕು ಮುಗಿದ ಮೇಲೆ ಎದ್ದು ಪೇಟೆಗೆ ಹೋಗಬಹುದಿತ್ತು.

ಇದನ್ನು ಆ ಕಾಲದಲ್ಲೇ ಜೋರಾಗಿ ಹೇಳಿದವನು ಲಾಸನ್. 1892ರ ಜುಲೈ 9ರ ಬುಲೆಟಿನ್‌ನಲ್ಲಿ ಅವನೊಂದು ಪದ್ಯ ಬರೆದ. ಕವಿಗಳು ಹೊಗಳಿದ ಆ ಸೀಮೆಗೆ ಹೋಗಿ ಬಂದೆ, ಯಾಕಾದರೂ ಹೋದೆನೋ ಅನ್ನಿಸಿತು ಅಂದ. ಎರಡು ವಾರಕ್ಕೆ ಪ್ಯಾಟರ್ಸನ್ ಪದ್ಯದಲ್ಲೇ ಉತ್ತರ ಕೊಟ್ಟ: ನಿನಗೆ ಪೇಟೆಯೇ ಸರಿ, ಬುಷ್ ನಿನ್ನಂಥವರಿಗಲ್ಲ. ಬೇರೆ ಕವಿಗಳೂ ಸೇರಿಕೊಂಡರು. ತಿಂಗಳುಗಟ್ಟಲೆ ನಡೆದ ಈ ಜಗಳವನ್ನು ಓದುಗರು ಚಪ್ಪರಿಸಿದರು. ಪತ್ರಿಕೆ ಪದ್ಯದ ಅಳತೆ ನೋಡಿ ದುಡ್ಡು ಕೊಡುತ್ತಿತ್ತು. ಇಬ್ಬರೂ ಜಗಳ ಆಡಿದರೆ ಇಬ್ಬರಿಗೂ ಒಂದಿಷ್ಟು ಸಿಗುತ್ತದೆ ಅಂತ ಲಾಸನ್‌ನೇ ಹೇಳಿದ ಅಂತ ಪ್ಯಾಟರ್ಸನ್ ಇಳಿವಯಸ್ಸಿನಲ್ಲಿ ಬರೆದ. ಇರಬಹುದು. ವಕೀಲನಿಗೆ ಆ ದುಡ್ಡು ಮೇಲುಸಂಪಾದನೆ. ಲಾಸನ್‌ಗೆ ಅದು ಊಟ.

ಅದೇ ವರ್ಷ ಬುಲೆಟಿನ್‌ನ ಸಂಪಾದಕ ಲಾಸನ್‌ನ ಕೈಗೆ 5 ಪೌಂಡ್, ಬೋರ್ಕ್ ಊರಿಗೆ ಒಂದು ರೈಲ್ವೆ ಟಿಕೆಟ್ ಕೊಟ್ಟು ಕಳಿಸಿದ. ಆಗ ಬರಗಾಲ. ಬೋರ್ಕ್‌ನಿಂದ ಕ್ವೀನ್ಸ್‌ಲ್ಯಾಂಡ್ ಗಡಿಯ ಹಂಗರ್‌ಫರ್ಡ್‌ಗೆ 200 ಕಿಲೋಮೀಟರ್‌ಗೂ ಜಾಸ್ತಿ. ಡಿಸೆಂಬರ್ ಜನವರಿಯ ಉರಿಬಿಸಿಲಲ್ಲಿ, ಅಲ್ಲಿ ಅದೇ ಬೇಸಿಗೆ, ಅವನು ನಡೆದೇ ಹೋಗಿ ನಡೆದೇ ವಾಪಸ್ ಬಂದ. ಚಿಕ್ಕಂದಿನಿಂದಲೇ ಕಿವಿ ಸರಿಯಾಗಿ ಕೇಳಿಸದ ಮನುಷ್ಯ. ಹಂಗರ್‌ಫರ್ಡ್‌ನಿಂದ ತನ್ನ ಚಿಕ್ಕಮ್ಮನಿಗೆ ಬರೆದ ಕಾಗದದಲ್ಲಿ, ಇಲ್ಲಿನ ಭೀಕರತೆ ನಿಮಗೆ ಊಹಿಸಲಿಕ್ಕೂ ಆಗದು, ಗಂಡಸರು ಅಲೆಯುತ್ತಾ ಬೇಡುತ್ತಾ ನಾಯಿಗಳ ಹಾಗೆ ಬದುಕುತ್ತಿದ್ದಾರೆ ಅಂದ.

ಐರನ್‌ಬಾರ್ಕ್‌ನವನ ಪದ್ಯ ಬಂದದ್ದು 1892ರ ಡಿಸೆಂಬರ್. ಲಾಸನ್ ಆ ಸೀಮೆಯಲ್ಲಿ ಅಲೆಯುತ್ತಿದ್ದದ್ದೂ ಅದೇ ಬೇಸಿಗೆ. 1891ರಲ್ಲಿ ಉಣ್ಣೆ ಕತ್ತರಿಸುವವರ ದೊಡ್ಡ ಮುಷ್ಕರವನ್ನು ಸರ್ಕಾರ ಸೈನಿಕರನ್ನು ತಂದು ಮುರಿದಿತ್ತು, ಮುಂದಾಳುಗಳು ಜೈಲಿಗೆ ಹೋಗಿದ್ದರು. 1893ರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಆಮೇಲೆ ವರ್ಷಗಟ್ಟಲೆ ಬರ. 1891ರಲ್ಲಿ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಇದ್ದ ಕುರಿ 1902ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಶೆಡ್‌ನಲ್ಲಿ ಬಾಯಿ ಬಿಟ್ಟುಕೊಂಡು ಕಥೆ ಕೇಳಿದವರಲ್ಲಿ ಎಷ್ಟು ಜನರಿಗೆ ಮುಂದಿನ ವರ್ಷ ಕೆಲಸ ಇತ್ತು? ನಮ್ಮಮ್ಮ ಕೇಳಿದ ಪ್ರಶ್ನೆ ಪದ್ಯಕ್ಕೆ ಹೊಳೆಯಲೇ ಇಲ್ಲ. ಹೌದು, ಅವನು ಮತ್ತೆ ಪೇಟೆಗೆ ಬಂದಿರಬಹುದು. ಗಡ್ಡ ತೆಗೆಸಲಿಕ್ಕಲ್ಲ. ಕೂಲಿ ಕೇಳಿಕೊಂಡು.

ಇನ್ನು ಕುಡಿತ. ಈ ಪದ್ಯಗಳಲ್ಲಿ ವಿಸ್ಕಿ ಬಂದರೆ ನಗು ಬಂತು ಅಂತಲೇ ಲೆಕ್ಕ. ಮೆಗಿನಿಸ್ ಬಾಟಲಿ ಆ ಮನೆಯಲ್ಲಿ ಅಷ್ಟು ಸುಲಭವಾಗಿ ಕೈಗೆ ಸಿಕ್ಕಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಅದೇ ಸಿಡ್ನಿಯಲ್ಲಿ, ಅದೇ ವರ್ಷಗಳಲ್ಲಿ ಬೇರೊಂದು ಪತ್ರಿಕೆ ಬರುತ್ತಿತ್ತು. ಹೆಸರು ಡಾನ್, ಅಂದರೆ ಮುಂಜಾವು. 1888ರಲ್ಲಿ ಶುರುಮಾಡಿದವಳು ಲೂಯಿಸಾ ಲಾಸನ್, ಹೆನ್ರಿಯ ತಾಯಿ. ಅವಳೂ ಬುಷ್‌ನಲ್ಲಿ ಮಕ್ಕಳನ್ನು ಸಾಕಿ ಸೋತು ಪೇಟೆಗೆ ಬಂದವಳು. ಅಚ್ಚಿನ ಮೊಳೆ ಜೋಡಿಸಲು ಹೆಂಗಸರನ್ನೇ ಇಟ್ಟುಕೊಂಡಳು ಅಂತ ಗಂಡಸರ ಮುದ್ರಣ ಸಂಘ ಅವಳನ್ನು ಬಹಿಷ್ಕರಿಸಲು ನೋಡಿತು. ಕುಡಿದು ಬಂದು ಹೊಡೆಯುವ ಗಂಡ, ಹೆಂಡತಿಗೆ ಇಲ್ಲದ ಮತದಾನದ ಹಕ್ಕು, ಇವೇ ಅವಳ ವಿಷಯ. ಬುಲೆಟಿನ್‌ನ ನಗೆಪದ್ಯ ಓದಿದವರು ಡಾನ್‌ನ ಒಂದು ಸಂಚಿಕೆಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಹೆನ್ರಿಯ ಕಥೆಯೂ ಹಾಗೇ ಆಯಿತು. ಕುಡಿತ ಅವನನ್ನು ಬಿಡಲಿಲ್ಲ. ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ ಕೊಡದೆ ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್ ಜೈಲಿಗೆ ಮತ್ತೆ ಮತ್ತೆ ಹೋದ. ತನ್ನ ಕೈದಿ ನಂಬರನ್ನೇ ಹೆಸರಾಗಿಟ್ಟು, 103, ಒಂದು ಪದ್ಯ ಬರೆದ. ಅದರಲ್ಲಿ ನಗು ಇಲ್ಲ.

ಈಗ ಮತ್ತೆ ಆ ನಾಮಕರಣದ ಪದ್ಯಕ್ಕೆ ಬರುತ್ತೇನೆ. ಪರವಾಗಿ ಬರೆಯುವಾಗ ನಾನೇ ಅದನ್ನು ಮನಸಾರೆ ಹೊಗಳಿದ್ದೇನೆ. ಒಂದು ಸಾಲೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಬಾರ್ಕೂ ಸೀಮೆ ಖಾಲಿ ಜಾಗ, ದಾರಿ ತಪ್ಪಿದವರು ಬಿಟ್ಟರೆ ಯಾರೂ ಹಾಯದ ದಾರಿ ಅನ್ನುವ ಹಾಗೆ ಅದು ಶುರುವಾಗುತ್ತದೆ. ಖಾಲಿ ಇರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಮೂಲನಿವಾಸಿಗಳು ಬದುಕಿದ್ದರು. ಪ್ರತಿ ನೀರಿನ ಗುಂಡಿಗೂ ಅವರಲ್ಲಿ ಹೆಸರಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿಳಿ ಅಧಿಕಾರಿಗಳ ಕೈಕೆಳಗಿದ್ದ ನೇಟಿವ್ ಪೊಲೀಸ್ ಪಡೆ ಅವರನ್ನು ಬೇಟೆಯಾಡಿ ಕೊಂದಿತ್ತು. ಆ ಪದ್ಯ ಬರೆಯುವ ಹೊತ್ತಿಗೂ ಪಡೆ ಪೂರ್ತಿ ಮುಚ್ಚಿರಲಿಲ್ಲ. ಹೆಸರಿಲ್ಲದ ಒಬ್ಬ ಐರಿಷ್ ಹುಡುಗನಿಗೆ ಹೆಸರು ಸಿಗೋದು ತಮಾಷೆಯಾಯಿತು. ಹೆಸರಿದ್ದ ನೆಲದ ಹೆಸರುಗಳೆಲ್ಲ ಅಳಿಸಿಹೋದದ್ದು ಪದ್ಯದಲ್ಲಿ ಇಲ್ಲ.

ಚೀನಾದವರು ಈ ಸಾಹಿತ್ಯದಲ್ಲಿ ಇದ್ದಾರೆ. ಆದರೆ ಗೇಲಿಗೆ ಇದ್ದಾರೆ. ಬುಲೆಟಿನ್‌ನ ವ್ಯಂಗ್ಯಚಿತ್ರಗಳನ್ನು ನೋಡಿದರೆ ಮನಸ್ಸು ಕೆಡುತ್ತದೆ. ನಮ್ಮ ಉಪಖಂಡದವರೂ ಅಲ್ಲಿದ್ದರು. ಬಲೂಚಿಸ್ತಾನ, ಪೇಶಾವರ, ಪಂಜಾಬ್ ಕಡೆಯ ಒಂಟೆಯವರು ಒಳನಾಡಿನ ಉಣ್ಣೆ, ಸಾಮಾನು ಸಾಗಿಸುತ್ತಿದ್ದರು. ಎಲ್ಲಿಂದ ಬಂದರೂ ಅವರನ್ನು ಆಫ್ಘಾನರು ಅಂತಲೇ ಕರೆಯುತ್ತಿದ್ದರು. ಪಂಜಾಬಿ ವ್ಯಾಪಾರಿಗಳು ಗಂಟು ಹೊತ್ತು ತೋಟದಿಂದ ತೋಟಕ್ಕೆ ಬಟ್ಟೆ, ಸೂಜಿ ದಾರ ಮಾರುತ್ತಿದ್ದರು. ಬುಷ್ ಅಂದರೆ ಇವರೂ ಅಲ್ವಾ? ಬುಲೆಟಿನ್ ಅದನ್ನು ಒಪ್ಪಲಿಲ್ಲ. ಆಸ್ಟ್ರೇಲಿಯಾ ಬಿಳಿಯರಿಗಾಗಿ ಅನ್ನೋ ಮಾತನ್ನು ಅದು ದಶಕಗಟ್ಟಲೆ ತನ್ನ ಪತ್ರಿಕೆಯ ತಲೆಯ ಮೇಲೇ ಅಚ್ಚು ಹಾಕಿತು. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದವು. ಅದೇ ವರ್ಷ ಹೊಸ ಸಂಸತ್ತು ವಲಸೆ ನಿರ್ಬಂಧ ಕಾಯ್ದೆ ತಂದಿತು. ಬೇಡವಾದವರು ಬಂದರೆ ಯಾವುದೋ ಯುರೋಪಿಯನ್ ಭಾಷೆಯಲ್ಲಿ 50 ಪದ ಹೇಳಿ ಬರೆಸುವುದು, ಬರೆಯಲಾಗದಿದ್ದರೆ ವಾಪಸ್ ಕಳಿಸುವುದು. ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ.

ಜಗಲಿಯಲ್ಲಿ ನಿಂತು ಆ ಪದ್ಯ ಹೇಳಿದ ಹುಡುಗನ ಮುಖ ನೋಡಿದಾಗ ನನಗೆ ಇದೆಲ್ಲ ನೆನಪಾಯಿತು. ಅದನ್ನು ಮೊದಲು ಅಚ್ಚು ಹಾಕಿದ ಪತ್ರಿಕೆ ಅವನನ್ನು ಆ ದೇಶದೊಳಗೇ ಬಿಡುತ್ತಿರಲಿಲ್ಲ. ಪದ್ಯ ಅವನಿಗೆ ಪೂರ್ತಿ ಬಾಯಿಗೆ ಬರುತ್ತದೆ. ಈ ಮಾತನ್ನೂ ಅವನಿಗೆ ಯಾರಾದರೂ ಹೇಳಬೇಕು. ಅವನಿಗೆ ಹತ್ತು ವರ್ಷ, ಅರ್ಥವಾಗುತ್ತದೆ.

ನಗು ಬೇಡ ಅಂತ ನಾನು ಹೇಳುತ್ತಿಲ್ಲ. ಬುಷ್‌ನಲ್ಲಿ ಬೇರೆ ನಗುವೂ ಇತ್ತು. ಪ್ಯಾಟರ್ಸನ್ ಬುಷ್‌ನ ಪರವಾಗಿ ಪದ್ಯದಲ್ಲಿ ಉತ್ತರ ಕೊಟ್ಟದ್ದು 1892ರ ಜುಲೈ 23ರ ಸಂಚಿಕೆಯಲ್ಲಿ. ಅದೇ ಸಂಚಿಕೆಯಲ್ಲಿ ಲಾಸನ್‌ನ ಒಂದು ಕಥೆಯೂ ಬಂತು. ಪದ್ಯವಲ್ಲ, ಗದ್ಯ. ಎರಡು ಕೋಣೆಯ ಮನೆ. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ, ಆರು ತಿಂಗಳಿಂದ ಸುದ್ದಿ ಇಲ್ಲ. ಹತ್ತಿರದ ಜನವಸತಿ 19 ಮೈಲಿ. ಮನೆಯ ನೆಲದ ಸಂದಿಗೆ ಹಾವು ಹೊಕ್ಕಿದೆ. ನಾಲ್ಕು ಮಕ್ಕಳನ್ನು ಅಡುಗೆ ಮನೆಯ ಮೇಜಿನ ಮೇಲೆ ಮಲಗಿಸಿ, ನಾಯಿಯನ್ನು ಪಕ್ಕ ಕೂರಿಸಿಕೊಂಡು, ಕೈಯಲ್ಲಿ ಕೋಲು ಹಿಡಿದು ಆ ಹೆಂಗಸು ರಾತ್ರಿಯಿಡೀ ಕೂರುತ್ತಾಳೆ. ನಡುವೆ ಸೌದೆ ತರಲು ಎದ್ದು ಹೋಗುತ್ತಾಳೆ. ಒಂದು ಸೌದೆ ಎಳೆದದ್ದೇ ತಡ, ಒಟ್ಟಿದ್ದ ರಾಶಿ ಕುಸಿದುಬೀಳುತ್ತದೆ. ಜೋಡಿಸಿಕೊಟ್ಟವನು ಒಳಗೆ ಪೊಳ್ಳು ಬಿಟ್ಟಿದ್ದ. ಅವನಿಗೆ ಕೂಲಿಯ ಜೊತೆ ಹೊಗೆಸೊಪ್ಪು ಕೊಟ್ಟು, ಚೆನ್ನಾಗಿ ಒಟ್ಟಿದ್ದೀಯ ಅಂತ ಹೊಗಳಿದ್ದಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳಿಗೆ ಕಣ್ಣಲ್ಲಿ ನೀರು ಬರುತ್ತದೆ. ಒರೆಸಿಕೊಳ್ಳಲು ಕರ್ಚೀಫು ಎತ್ತುತ್ತಾಳೆ. ಬರಿಯ ಬೆರಳು ಕಣ್ಣಿಗೆ ಚುಚ್ಚುತ್ತದೆ. ಕರ್ಚೀಫಿನ ತುಂಬ ತೂತು. ಹೆಬ್ಬೆರಳು ಒಂದರಲ್ಲಿ ತೂರಿದೆ, ತೋರುಬೆರಳು ಇನ್ನೊಂದರಲ್ಲಿ.

ಅದನ್ನು ನೋಡಿ ಅವಳು ನಕ್ಕುಬಿಡುತ್ತಾಳೆ. ನಾಯಿ ಬೆರಗಾಗಿ ಅವಳನ್ನೇ ನೋಡುತ್ತದೆ.